ಹಾಡನ್ನು ಕೆತ್ತಿದ ರೂವಾರಿಗಳು

ಕನ್ನಡಿಗರಿಗೆ ‘ಡಬ್ಬಿಂಗ್’ ಎಂಬ ಮಾತು ಹೊಸದಲ್ಲ. ಪರಭಾಷೆಯ ನಟನ ತುಟಿಯ ಚಲನೆಗೆ ನಮ್ಮ ಭಾಷೆಯ ಮಾತನ್ನು ಹೊಂದಿಸುವ ಆ ಕಾರ್ಯದ ಸುತ್ತ ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ನಡೆದ ವಾದವಿವಾದಗಳನ್ನು ಅರಿಯದವರಾರು? ಆದರೆ ಅದೇ ಶಬ್ದಕ್ಕೆ ಒಡಹುಟ್ಟು ಇನ್ನೊಂದುಂಟು. ಅದರ ನಡತೆ ಇದಕ್ಕೆ ತೀರ ವಿರುದ್ಧ. ಡಬ್ಬಿಂಗ್ ಚಿತ್ರಕ್ಕೆ ಮಾತನ್ನು ಕೂಡಿಸುತ್ತದೆ. ‘ಡಬ್’ ಎಂಬ ಸಂಗೀತವು ಹಾಡಿನಿಂದ ಮಾತನ್ನು ಕಳೆಯುತ್ತದೆ. ಎರಡಕ್ಕೂ ಮೂಲ ‘ಡಬಲ್’ ಎಂಬ ಇಂಗ್ಲಿಷ್ ಶಬ್ದ. ಒಂದು ಧ್ವನಿಮುದ್ರಣದಿಂದ ಇನ್ನೊಂದು ಪ್ರತಿ ತೆಗೆಯುವುದಕ್ಕೆ ಆ ಉದ್ಯಮದವರು ಇಟ್ಟುಕೊಂಡ ಹೆಸರು ಅದು. ಪ್ರತಿ ತೆಗೆಯುವ ಈ ನೀರಸವಾದ ಕೆಲಸವೇ ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ ಒಂದು ಸ್ವತಂತ್ರ ಕಲೆಯಾಗಿ ಅರಳಿತು. ಆ ಕಲೆಯ ಮರ್ಮವನ್ನು ತಿಳಿಯಲು ಹಡಗು ಹತ್ತಬೇಕಾಗಿಲ್ಲ. ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು ಹಳೇಬೀಡುಗಳ ಕಡೆಗೆ ಹೋದರೆ ಅರ್ಧ ತಿಳಿದಂತೆಯೇ ಸರಿ.

ಡಬ್ ಕಿವಿಗೆ ಬೀಳುವ ಬಗೆ ಹೀಗೆ: ಪರಿಚಿತವಾದ ಒಂದು ಹಾಡು ಆರಂಭವಾಗುತ್ತದೆ. ಗಾಯಕ ಮೊದಲ ಸಾಲನ್ನು ಅರ್ಧ ಹಾಡುವಷ್ಟರಲ್ಲಿ ಅವನ ಕಂಠವೇ ಮಾಯ. ಕೊನೆಯ ಶಬ್ದ ಮಾತ್ರ, ಬಾವಿಗೆ ಬಗ್ಗಿ ಕೂಗಿದ ಕೂಗಿನಂತೆ, ಮತ್ತೆ ಮತ್ತೆ ಮರುದನಿಗೊಟ್ಟು ಕ್ಷೀಣಿಸುತ್ತದೆ. ಗಿಟಾರ್ ಮೊದಲಾದ ವಾದ್ಯಗಳೂ ಒಂದೊಂದಾಗಿ ಸರಿದು ಹೋಗುತ್ತವೆ. ಉಳಿಯುವುದು ಎರಡೇ: ಡ್ರಮ್ಮಿನ ಪೆಟ್ಟು, ಬೇಸ್ ಗಿಟಾರಿನ ಗಂಭೀರವಾದ ಮಂದ್ರಸ್ವರ. ಗೋಡೆ ಕಿತ್ತ ಮನೆಯಲ್ಲಿ ಕಂಬತೊಲೆಗಳು ಎದ್ದು ಕಾಣುವಂತೆ ಹಾಡನ್ನು ಇಷ್ಟು ಹೊತ್ತೂ ಹೊತ್ತು ನಿಂತದ್ದು ಯಾವುದೆಂಬುದು ಆಗ ತಿಳಿಯುತ್ತದೆ. ತುಸು ಹೊತ್ತಿನ ಮೇಲೆ ಗಿಟಾರಿನ ಒಂದೇ ಒಂದು ಮೀಟು ಎಲ್ಲಿಂದಲೋ ಬಂದು, ಮಾರ್ದನಿಯ ಬಾಲವನ್ನು ಎಳೆದುಕೊಂಡು ಹೊರಟುಹೋಗುತ್ತದೆ. ಒಮ್ಮೆ ಗುಡುಗಿನಂಥ ಆರ್ಭಟ. ಒಮ್ಮೆ ಕ್ಷಣಾರ್ಧದ ಪೂರ್ಣ ಮೌನ. ಮರುಕ್ಷಣ ಮತ್ತೆ ಅದೇ ಮಂದ್ರ. ಹೊಸ ಸ್ವರವನ್ನು ಯಾರೂ ನುಡಿಸಿಲ್ಲ. ಇದ್ದುದನ್ನೇ ತೆಗೆದು, ಅಡಗಿಸಿ, ಮರಳಿ ತೋರಿಸಿದ್ದಾರೆ, ಅಷ್ಟೆ.

ಕಚೇರಿ ಕೇಳಿ ಬಲ್ಲವರು ಇಲ್ಲಿ ತನಿ ಆವರ್ತನವನ್ನು ನೆನೆಯುವುದು ಸಹಜ. ಗಾಯಕ ಸುಮ್ಮನಾಗಿ ಮೃದಂಗ ಘಟಗಳಿಗೆ ವೇದಿಕೆಯನ್ನು ಬಿಟ್ಟುಕೊಡುವ ಆ ಹೊತ್ತಿನಲ್ಲಿ ಹಾಡಿನ ಲೆಕ್ಕಾಚಾರವೆಲ್ಲ ಬಯಲಾಗುತ್ತದೆ. (ಅದೇ ಹೊತ್ತಿನಲ್ಲಿ ಕಾಫಿಗೆಂದು ಎದ್ದುಹೋಗುವ ರಸಿಕರ ಮಾತು ಬೇರೆ.) ಹೋಲಿಕೆ ಇಷ್ಟಕ್ಕೆ ಸಲ್ಲುತ್ತದೆ; ಮುಂದೆ ಸಲ್ಲುವುದಿಲ್ಲ. ತನಿಯಲ್ಲಿ ಮೃದಂಗದ ವಿದ್ವಾಂಸರು ಎದುರಿಗೆ ಕುಳಿತು ತಮ್ಮ ಕೈಚಳಕವನ್ನು ಮೆರೆಯುತ್ತಾರೆ. ಡಬ್ ತಯಾರಾಗುವಾಗಲಾದರೋ ಡ್ರಮ್ ಬಾರಿಸಿದವನು ಅಲ್ಲಿಲ್ಲ. ಅವನು ಎಂದೋ ಬಾರಿಸಿ, ಕೂಲಿ ಪಡೆದು, ಮನೆಗೆ ಹೋಗಿದ್ದಾನೆ. ಆಟವಾಡುತ್ತಿರುವುದು ಅವನ ಸದ್ದನ್ನು ಹಿಡಿದಿಟ್ಟ ಟೇಪಿನೊಡನೆ, ಯಂತ್ರದ ಮುಂದೆ ಕುಳಿತ ಕೆಲಸಗಾರ.

ಮದುವೆಮನೆಯ ಆರ್ಕೆಸ್ಟ್ರಾದವರು ಬಳಸುವ ಕರೋಕೆಯೊಡನೆಯೂ ಇದನ್ನು ಬೆರೆಸಬಾರದು. ಕರೋಕೆಯಲ್ಲಿಯೂ ಗಾಯಕನ ಧ್ವನಿ ಇಲ್ಲ, ನಿಜ. ಆದರೆ ಅಲ್ಲಿನ ಬರಿದು ಇನ್ನೊಬ್ಬ ಹಾಡುಗಾರನಿಗಾಗಿ ಕಾಯ್ದಿರಿಸಿದ ಪೀಠದಂತೆ, ಯಾರಾದರೂ ಬಂದು ಕೂಡಲೇಬೇಕು. ಡಬ್‌ನಲ್ಲಿ ಆ ಬರಿದೇ ರಸವಸ್ತು. ರೆಗೆ ಎಂಬ ಜಮೈಕಾದ ಜನಪ್ರಿಯ ಗಾನಪದ್ಧತಿ ಇದಕ್ಕೆ ಮೊದಲೇ ನೆಲ ಹದಮಾಡಿತ್ತು. ಅದರ ಪ್ರಸಿದ್ಧವಾದ ಒಂದು ನಡೆಯಲ್ಲಿ, ನಾಲ್ಕೆಣಿಕೆಯ ತಾಳದ ಮೊದಲ ಪೆಟ್ಟನ್ನು ಡ್ರಮ್ಮಿನವನು ಬಾರಿಸದೆ ಬಿಡುತ್ತಾನೆ. ಭಾರವೆಲ್ಲ ಮೂರನೆಯದರ ಮೇಲೆ ಬೀಳುತ್ತದೆ. ನಮ್ಮವರು ತೊಡೆ ತಟ್ಟಿ ಕಾಯುವ ಸಮದ ಸ್ಥಾನವನ್ನೇ ಖಾಲಿ ಬಿಡುವ ಜನ, ಖಾಲಿ ಜಾಗದಿಂದಲೇ ಒಂದು ಸಂಗೀತವನ್ನು ಕಟ್ಟಿದರೆಂದರೆ ಅಚ್ಚರಿಯಿಲ್ಲ.

ಈಗ ಬೇಲೂರಿಗೆ ಬರೋಣ. ಕ್ರಿ.ಶ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡದ ಕನ್ನಡಿಗರು ಕಡಮೆ. ನೋಡಿದವರು ಸಾಮಾನ್ಯವಾಗಿ ಮೆಚ್ಚುವುದು ಅವರ ಒಡವೆ, ಮುಖಭಾವ, ನಿಲುವುಗಳನ್ನು. ಆದರೆ ಆ ಚೆಲುವಿನ ಅರ್ಧ ಪಾಲು ಕಲ್ಲಿಲ್ಲದ ಕಡೆಯಲ್ಲಿದೆ. ತಲೆಯ ಮೇಲೆ ಬಾಗಿದ ಬಳ್ಳಿಮಾಡದ ಹಿಂದೆ ಉಳಿ ತೂರಿಸಿ, ಒಳಗಿನ ಕಲ್ಲನ್ನು ಹೊರತೆಗೆದು, ಎಲೆಯೊಂದು ಗಾಳಿಯಲ್ಲಿ ನಿಂತಂತೆ ಬಿಡಿಸಿದ್ದಾರೆ. ಆ ಪೊಳ್ಳಿನಲ್ಲಿ ಕತ್ತಲು ಕೂತಿದೆ. ಕತ್ತಲು ಇರುವುದರಿಂದಲೇ ಎಲೆ ಬೆಳಗುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಈ ಸೂಕ್ಷ್ಮವಾದ ಕೆಲಸಕ್ಕೆ ಒದಗಿಬಂತು. ಡಬ್‌ನ ಕೆಲಸಗಾರ ಮಾಡುವುದೂ ಇದನ್ನೇ: ವಾದ್ಯಗಳನ್ನು ತೆಗೆದು ಹಾಡಿನೊಳಗೆ ಪೊಳ್ಳು ಮಾಡುತ್ತಾನೆ, ಆ ಪೊಳ್ಳಿನಲ್ಲಿ ಮಾರ್ದನಿಯ ನೆರಳನ್ನು ಕೂರಿಸುತ್ತಾನೆ.

ಮಾರ್ದನಿಗೂ ಹೊಯ್ಸಳರಲ್ಲಿ ಒಂದು ಉಪಮೆ ಸಿಕ್ಕುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ ೧೨೨೦ರ ಸುಮಾರಿನದು. ಅದರ ತೆರೆದ ಮಂಟಪದ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಇಂಥ ನಕ್ಷತ್ರವನ್ನು ಬರೆಯುವ ಬಗೆ ಸರಳ: ಒಂದು ಚೌಕವನ್ನು ಬರೆದು, ನಡುವಿನ ಬಿಂದುವನ್ನು ಕದಲಿಸದೆ ಅದನ್ನೇ ತುಸು ತಿರುಗಿಸಿ ಮತ್ತೆ ಬರೆಯುವುದು; ಮತ್ತೆ ತುಸು ತಿರುಗಿಸುವುದು. ನಾಲ್ಕು ಸಲ ಬರೆದರೆ ಹದಿನಾರು ಮೂಲೆ. ಬರೆದದ್ದು ಒಂದೇ ಆಕಾರ. ಕಂಡದ್ದು ಆ ಆಕಾರವಲ್ಲ. ಗಿಟಾರಿನ ಒಂದು ಮೀಟನ್ನು ಕಾಲದಲ್ಲಿ ಅಷ್ಟಷ್ಟೇ ಜರುಗಿಸಿ ಮರಳಿ ಮರಳಿ ಕೇಳಿಸಿದಾಗ, ಯಾರೂ ಬಾರಿಸದ ಒಂದು ಹೊಸ ಲಯ ಹುಟ್ಟುವುದು ಹೀಗೆಯೇ.

ಇಷ್ಟೆಲ್ಲ ನಾಜೂಕು ಹುಟ್ಟಿದ್ದು ಅರಮನೆಯಲ್ಲಲ್ಲ, ಬೀದಿಯಲ್ಲಿ. ೧೯೫೦ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರಿಗೆ ವಾದ್ಯಗೋಷ್ಠಿಯವರನ್ನು ಕರೆಸಿ ಕುಣಿಯುವ ಅನುಕೂಲವಿರಲಿಲ್ಲ. ಅದರ ಬದಲು, ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನೂ ರೆಕಾರ್ಡುಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದು, ಬಯಲಿನಲ್ಲಿ ಕುಣಿತ ಏರ್ಪಡಿಸುವ ‘ಸೌಂಡ್ ಸಿಸ್ಟಂ’ ಎಂಬ ಸಂಚಾರಿ ಕಸುಬು ಬೆಳೆಯಿತು. ನಮ್ಮ ಜಾತ್ರೆಗೆ ಧ್ವನಿವರ್ಧಕ ತರುವವರ ವೃತ್ತಿಯಂಥದೇ. ಆದರೆ ಅಲ್ಲಿ ಪೈಪೋಟಿ ಕಠಿಣ. ಎದುರು ಬೀದಿಯವನ ಬಳಿ ಇಲ್ಲದ ಹಾಡು ತನ್ನಲ್ಲಿದ್ದರೆ ಜನ ತನ್ನ ಕಡೆ. ಆದ್ದರಿಂದ ಒಬ್ಬೊಬ್ಬ ಮಾಲೀಕನೂ ಧ್ವನಿಮುದ್ರಣಶಾಲೆಗೆ ಹೋಗಿ, ತನಗೊಬ್ಬನಿಗೇ ಎಂದು ಒಂದು ತಟ್ಟೆ ಕೊರೆಸಿಕೊಳ್ಳುತ್ತಿದ್ದ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಅರಗಿನಂಥ ಮೆತ್ತನೆಯ ಲೇಪ ಬಳಿದು ಮಾಡಿದ ಆ ‘ಡಬ್ ಪ್ಲೇಟ್’ ಕೆಲವು ಹತ್ತು ಸಲ ಓಡಿತೆಂದರೆ ಸವೆಯತೊಡಗುತ್ತಿತ್ತು.

೧೯೬೦ರ ದಶಕದ ಕೊನೆಯ ಭಾಗದಲ್ಲಿ ರೂಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಮಾಲೀಕ ಡ್ಯೂಕ್ ರೀಡನ ಮುದ್ರಣಶಾಲೆಯಲ್ಲಿ ಇಂಥ ಒಂದು ತಟ್ಟೆಯನ್ನು ಕೊರೆಸಿದ. ಹಾಡು ಪ್ಯಾರಗಾನ್ಸ್ ಎಂಬ ತಂಡದ್ದು, ‘ಆನ್ ದಿ ಬೀಚ್’. ಕೊರೆಯುವಾಗ ಗಾಯಕರ ಧ್ವನಿಯ ಭಾಗ ಸೇರಿರಲಿಲ್ಲ. ಬರೀ ವಾದ್ಯಗಳ ಆ ತಟ್ಟೆಯನ್ನು ರೆಡ್‌ವುಡ್ ಎಸೆಯಲಿಲ್ಲ. ಕುಣಿತದ ಬಯಲಿಗೆ ಒಯ್ದು, ಮೊದಲು ಹಾಡನ್ನೂ ಅನಂತರ ಧ್ವನಿಯಿಲ್ಲದ ಪ್ರತಿಯನ್ನೂ ಹಾಕಿದ. ನೆರೆದ ಜನವೆಲ್ಲ ಸೇರಿ ತಾವೇ ಹಾಡಿತೆಂದು ಜಮೈಕಾದವರು ಇಂದಿಗೂ ವರ್ಣಿಸುತ್ತಾರೆ. ಕೆಲವೇ ವರ್ಷಗಳಲ್ಲಿ, ಅಲ್ಲಿ ಅಚ್ಚಾದ ರೆಕಾರ್ಡಿನ ಒಂದು ಬದಿಯಲ್ಲಿ ಹಾಡು, ಹಿಂಬದಿಯಲ್ಲಿ ಅದರ ಧ್ವನಿರಹಿತ ‘ವರ್ಷನ್’ ಎಂಬುದು ರೂಢಿಯಾಯಿತು. ಹೊಸ ಹಾಡು ಬರೆಸುವ ಖರ್ಚಿಲ್ಲದೆ ಎರಡನೆಯ ಬದಿ ತುಂಬಿತಲ್ಲ ಎಂಬ ವ್ಯಾಪಾರದ ಲೆಕ್ಕವೂ ಅದರ ಹಿಂದೆ ಇತ್ತೆನ್ನಬೇಕು. ಆ ಖಾಲಿ ವಾದ್ಯದ ಮೇಲೆ ಪ್ರಾಸಬದ್ಧವಾಗಿ ಮಾತಾಡಿ ಜನರನ್ನು ಹುರಿದುಂಬಿಸುವವರೂ ಹುಟ್ಟಿಕೊಂಡರು. ಅವರಲ್ಲಿ ಯು-ರಾಯ್ ಎಂಬಾತ ೧೯೭೦ರಲ್ಲಿ ದ್ವೀಪದಲ್ಲೆಲ್ಲ ಮನೆಮಾತಾದ.

ಯು-ರಾಯ್ ಮಾತಾಡುತ್ತಿದ್ದ ಸೌಂಡ್ ಸಿಸ್ಟಂ ಓಸ್‌ಬೋರ್ನ್ ರಡಕ್ ಎಂಬುವನದು. ೧೯೪೧ರಲ್ಲಿ ಹುಟ್ಟಿದ ರಡಕ್ ಹಾಡುಗಾರನಲ್ಲ, ವಾದ್ಯಗಾರನೂ ಅಲ್ಲ. ರೇಡಿಯೋ ರಿಪೇರಿ ಮಾಡಿ, ಟ್ರಾನ್ಸ್‌ಫಾರ್ಮರ್ ಸುತ್ತಿ, ಆಂಪ್ಲಿಫೈಯರ್ ಕಟ್ಟಿ ಬದುಕುತ್ತಿದ್ದವ. ಲೋಕ ಅವನನ್ನು ಬಲ್ಲದ್ದು ಕಿಂಗ್ ಟಬ್ಬಿ ಎಂಬ ಹೆಸರಿನಿಂದ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಎಂಬ ಬಡವರ ಬಡಾವಣೆಯಲ್ಲಿ, ಡ್ರೊಮಿಲಿ ಅವೆನ್ಯೂವಿನ ಸಣ್ಣ ಮನೆಯೇ ಅವನ ಕಾರ್ಯಾಗಾರ. ಪೂರ್ಣ ವಾದ್ಯಗೋಷ್ಠಿಯನ್ನು ಕೂರಿಸುವಷ್ಟು ಜಾಗ ಅಲ್ಲಿರಲಿಲ್ಲ. ಗಾಯಕರ ಧ್ವನಿ ಹಿಡಿಯುವ ಕೋಣೆಯಾಗಿ ಮಾರ್ಪಟ್ಟದ್ದು ಮನೆಯ ಬಚ್ಚಲು! ಬೇರೆ ಕಡೆ ಮುದ್ರಿಸಿದ ಟೇಪುಗಳನ್ನು ನಿರ್ಮಾಪಕರು ಅವನಲ್ಲಿಗೆ ತರುತ್ತಿದ್ದರು. ೧೯೭೦ರ ದಶಕದ ಆರಂಭದಲ್ಲಿ, ದೊಡ್ಡ ಸಂಸ್ಥೆಯೊಂದು ಬಳಸಿ ಬಿಟ್ಟ ನಾಲ್ಕು ಪಥದ ಮಿಕ್ಸರ್ ಅವನ ಕೈಸೇರಿತು.

ಮಿಕ್ಸರ್ ಎಂದರೆ ಗೃಹಿಣಿಯರು ಅಡಿಗೆಮನೆಯ ಯಂತ್ರವನ್ನು ಭಾವಿಸಬಾರದು; ಇದು ಅರೆಯುವುದಿಲ್ಲ, ಬೇರ್ಪಡಿಸುತ್ತದೆ. ಟೇಪಿನ ಉದ್ದಕ್ಕೂ ಅಕ್ಕಪಕ್ಕದಲ್ಲಿ ನಾಲ್ಕು ಪಥಗಳಲ್ಲಿ ಧ್ವನಿಯನ್ನು ಹಿಡಿದಿರುತ್ತಾರೆ—ಡ್ರಮ್ ಒಂದರಲ್ಲಿ, ಬೇಸ್ ಇನ್ನೊಂದರಲ್ಲಿ, ಉಳಿದ ವಾದ್ಯಗಳು ಮತ್ತೊಂದರಲ್ಲಿ, ಕಂಠ ಕೊನೆಯದರಲ್ಲಿ ಎಂಬಂತೆ. ಒಂದೊಂದು ಪಥಕ್ಕೆ ಒಂದೊಂದು ಜಾರುಗುಂಡಿ. ಮೇಲಕ್ಕೆ ತಳ್ಳಿದರೆ ಆ ಧ್ವನಿ ಬರುತ್ತದೆ, ಕೆಳಕ್ಕೆಳೆದರೆ ಅಡಗುತ್ತದೆ. ಟಬ್ಬಿ ಟೇಪನ್ನು ಓಡಬಿಟ್ಟು, ಎರಡೂ ಕೈಯಿಂದ ಈ ಗುಂಡಿಗಳನ್ನು ವೀಣೆಯಂತೆ ನುಡಿಸತೊಡಗಿದ. ತಗ್ಗಿನ ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸೋಸಿ ತೆಗೆಯುವ ದೊಡ್ಡದೊಂದು ತಿರುಗುಗುಂಡಿ ಆ ಯಂತ್ರದಲ್ಲಿತ್ತು; ಅದನ್ನು ತಿರುಗಿಸಿದಾಗ ಇಡೀ ವಾದ್ಯಗೋಷ್ಠಿ ತಗಡಿನ ಡಬ್ಬಿಯೊಳಗೆ ಸೇರಿಕೊಂಡಂತೆ ಕೇಳಿಸುತ್ತಿತ್ತು. ಕಂಪನವನ್ನು ಸುರುಳಿತಂತಿಯ ಮೂಲಕ ಹಾಯಿಸಿ ದೊಡ್ಡ ಸಭಾಂಗಣದ ಅನುರಣನವನ್ನು ಹುಟ್ಟಿಸುವ ಪೆಟ್ಟಿಗೆಯನ್ನು ಅವನು ಕೈಯಿಂದ ಗುದ್ದಿದರೆ ಗುಡುಗು ಹುಟ್ಟುತ್ತಿತ್ತು. ಮಾಡಿದವರು ಅದನ್ನು ಗುದ್ದಲೆಂದು ಮಾಡಿರಲಿಲ್ಲವಷ್ಟೆ.

ಮಾರ್ದನಿಯ ಯಂತ್ರ ಇನ್ನೂ ಸ್ವಾರಸ್ಯದ್ದು. ಟೇಪ್ ರೆಕಾರ್ಡರಿನಲ್ಲಿ ಧ್ವನಿಯನ್ನು ಬರೆಯುವ ತಲೆ ಒಂದು, ಓದುವ ತಲೆ ಇನ್ನೊಂದು. ನಡುವೆ ತುಸು ಅಂತರ. ಟೇಪು ಸೆಕೆಂಡಿಗೆ ೧೯ ಸೆಂಟಿಮೀಟರಿನಂತೆ ಓಡುತ್ತಿದ್ದು ಆ ಅಂತರ ೫ ಸೆಂಟಿಮೀಟರ್ ಇದ್ದರೆ, ಬರೆದ ಶಬ್ದ ಸುಮಾರು ಕಾಲು ಸೆಕೆಂಡಿನ ಅನಂತರ ಮರಳಿ ಕೇಳುತ್ತದೆ. ಕೇಳಿದ್ದನ್ನೇ ತುಸು ತಗ್ಗಿಸಿ ಮತ್ತೆ ಬರೆಯುವ ತಲೆಗೆ ಉಣಿಸಿದರೆ ಪುನಃ ಕಾಲು ಸೆಕೆಂಡಿಗೆ ಇನ್ನೊಂದು ಪ್ರತಿ, ಅದರ ಹಿಂದೆ ಮತ್ತೊಂದು. ಉಣಿಸುವ ಪ್ರಮಾಣ ಕಡಮೆಯಾದರೆ ಮಾರ್ದನಿ ನಂದುತ್ತದೆ. ಹೆಚ್ಚಾದರೆ ತಾನೇ ತಾನಾಗಿ ಬೆಳೆದು ಹಾಡನ್ನೇ ನುಂಗುತ್ತದೆ. ಈ ಎರಡರ ನಡುವಿನ ಹದದಲ್ಲಿ ಬೆರಳಿಟ್ಟು ಕೂರುವುದೇ ಡಬ್‌ನ ವಿದ್ಯೆ. ಇದಾವುದನ್ನೂ ಮೊದಲೇ ಬರೆದಿಟ್ಟುಕೊಂಡು ಮಾಡುತ್ತಿರಲಿಲ್ಲ. ಆದ್ದರಿಂದ ಒಂದೇ ಟೇಪಿನಿಂದ ಬೆಳಿಗ್ಗೆ ತೆಗೆದ ಡಬ್ಬಿಗೂ ಸಂಜೆ ತೆಗೆದ ಡಬ್ಬಿಗೂ ಹೋಲಿಕೆ ಇರಬೇಕೆಂಬ ನಿಯಮವಿಲ್ಲ.

ಹಾಗಾದರೆ ಡಬ್ ಒಂದು ಗಾನಶೈಲಿಯೋ, ಕೇವಲ ಒಂದು ತಂತ್ರವೋ? ವಿದ್ವಾಂಸರು ಎರಡು ಪಕ್ಷಗಳನ್ನೂ ಹಿಡಿದು ವಾದಿಸುತ್ತಾರೆ. ಮಾರ್ದನಿ, ಸುರುಳಿತಂತಿ, ಜಾರುಗುಂಡಿಗಳು ಅದಕ್ಕೂ ಮೊದಲೇ ಲೋಕದಲ್ಲಿದ್ದವು. ಅವನ್ನು ಬಳಸಿದ ಮಾತ್ರಕ್ಕೆ ಡಬ್ ಆಗುವುದಿಲ್ಲ. ಡ್ರಮ್ ಬೇಸ್‌ಗಳು ಮುಂದೆ ಬಂದ ಮಾತ್ರಕ್ಕೂ ಆಗುವುದಿಲ್ಲ. ಮುಗಿದುಹೋದ ಒಂದು ಹಾಡನ್ನು ಕಚ್ಚಾ ಕಲ್ಲೆಂದು ಬಗೆದು, ಅದನ್ನು ಕಡಿದು ಇನ್ನೊಂದು ಕೃತಿಯನ್ನು ಹೊರತೆಗೆಯುವ ಕೆಲಸಗಾರ ಅಲ್ಲಿರಬೇಕು. ಆ ಕೃತಿ ತನ್ನದೆಂದು ಅವನು ಹೇಳಿಕೊಳ್ಳುವಂತಿರಬೇಕು. ಡಬ್‌ನ ಲಕ್ಷಣವನ್ನು ಹುಡುಕಬೇಕಾದದ್ದು ಇಲ್ಲಿಯೇ.

ಬೇಲೂರಿನ ಪೀಠಗಳ ಮೇಲಿನ ಬರಹಗಳನ್ನು ಓದಿದವರಿಗೆ ಈ ಮಾತು ಹೊಸದೆನಿಸಲಾರದು. ಜನಪದವು ಹೊಯ್ಸಳರ ಗುಡಿಗಳನ್ನೆಲ್ಲ ಜಕಣಾಚಾರಿಯ ಹೆಸರಿಗೆ ಬರೆದುಬಿಟ್ಟಿದೆ. ಕಲ್ಲು ಬೇರೆ ಹೆಸರುಗಳನ್ನು ಹೇಳುತ್ತದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮತ್ತೆ ಹಲವರು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹನ ಗುಡಿಯಲ್ಲಿ ದುಡಿದ ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ಸೋಮನಾಥಪುರದವರೆಗೆ ಸಿಕ್ಕುತ್ತದೆ. ಭಾರತದ ದೇವಾಲಯಗಳನ್ನು ಕಟ್ಟಿದ ಬಹುಪಾಲು ಶಿಲ್ಪಿಗಳು ಅನಾಮಧೇಯರಾಗಿ ಉಳಿದಿರುವಾಗ, ಈ ಸೀಮೆಯ ರೂವಾರಿಗಳು ತಮ್ಮ ಹೆಸರು ಕೊರೆದದ್ದೇ ಅಲ್ಲದೆ ಎದುರಾಳಿಗಳನ್ನು ಕೆಣಕುವ ಬಿರುದುಗಳನ್ನೂ ಕೆಲವು ಕಡೆ ಸೇರಿಸಿದರು. ಕಿಂಗ್‌ಸ್ಟನ್ನಿನವರ ಬಿರುದುಗಳನ್ನೂ ನೋಡಿ: ಕಿಂಗ್ ಟಬ್ಬಿ, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್. ರಾಜ, ಪಾಳೆಯಗಾರ, ಯುವರಾಜ! ಒಬ್ಬನಿಗೂ ರಾಜ್ಯವಿಲ್ಲ. ಆಗಸ್ಟಸ್ ಪಾಬ್ಲೊ ಎಂಬ ವಾದ್ಯಗಾರನ ೧೯೭೦ರ ದಶಕದ ಪ್ರಸಿದ್ಧ ರೆಕಾರ್ಡಿನ ಹೆಸರಿನಲ್ಲಿಯೇ ಕಿಂಗ್ ಟಬ್ಬಿಯ ಹೆಸರು ಸೇರಿತು. ತೆರೆಯ ಮರೆಯಲ್ಲಿರಬೇಕಾದ ಯಂತ್ರಕರ್ಮಿಯ ಹೆಸರನ್ನು ನೋಡಿ ಜನ ರೆಕಾರ್ಡು ಕೊಂಡದ್ದು ಅಲ್ಲಿಯವರೆಗೆ ಅಪೂರ್ವ.

ಆದರೆ ಈ ಕೀರ್ತಿಗೆ ಒಂದು ಕಪ್ಪು ಮಗ್ಗುಲೂ ಉಂಟು. ಡ್ರಮ್ ಬೇಸ್‌ಗಳಿಲ್ಲದೆ ಡಬ್ ಇಲ್ಲ. ಅವನ್ನು ನುಡಿಸಿದವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಹಾಡಿಗೆ ಇಷ್ಟೆಂದು ಒಂದು ಸಲದ ಕೂಲಿ. ಅದೇ ನುಡಿಸಾಣಿಕೆ ಮುಂದೆ ಹತ್ತಾರು ವರ್ಷನ್ನುಗಳಾಗಿ ಮಾರಾಟವಾದಾಗ ಅವರ ಕೈಗೆ ಪ್ರಾಯಶಃ ಏನೂ ಬರುತ್ತಿರಲಿಲ್ಲ. ಕಂಠ ಕಳೆದುಕೊಂಡ ಗಾಯಕನ ಪಾಡೂ ಅಷ್ಟೆ. ಟೇಪು ಯಾರ ಬಳಿ ಇದೆಯೋ ಹಾಡು ಅವರದು ಎಂಬುದೇ ವ್ಯವಹಾರದ ಕ್ರಮ. ೧೯೬೨ರಲ್ಲಿ ಸ್ವತಂತ್ರವಾದ ಜಮೈಕಾ ತನ್ನದೇ ಆದ ಕೃತಿಸ್ವಾಮ್ಯದ ಕಾನೂನು ಮಾಡಿಕೊಂಡದ್ದು ೧೯೯೩ರಲ್ಲಿ. ಆ ವೇಳೆಗೆ ಡಬ್‌ನ ಸುವರ್ಣಯುಗ ಮುಗಿದಿತ್ತು. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯ ಮೇಲೆ ಸಾಲುಗಟ್ಟಿದ ಆನೆಗಳಲ್ಲಿ ಒಂದನ್ನು ಕೆತ್ತಿದವನ ಹೆಸರು ಕೇಳಿದರೆ ಯಾರೂ ಹೇಳಲಾರರು. ಹೆಸರು ಕೊರೆದವನ ಪಕ್ಕದಲ್ಲಿ ಹೆಸರಿಲ್ಲದ ನೂರು ಕೈ ಇದ್ದೇ ಇರುತ್ತದೆ.

ಟಬ್ಬಿಯ ಸಮಕಾಲೀನನಾದ ಲೀ ಪೆರಿಯ ದಾರಿ ಬೇರೆ. ಟಬ್ಬಿ ಅಚ್ಚುಕಟ್ಟಿನ ಮನುಷ್ಯ; ಪೆರಿ ವಿಕ್ಷಿಪ್ತ. ೧೯೭೩ರಲ್ಲಿ ಮನೆಯ ಹಿತ್ತಲಿನಲ್ಲಿ ‘ಬ್ಲ್ಯಾಕ್ ಆರ್ಕ್’ ಎಂಬ ಮುದ್ರಣಶಾಲೆಯನ್ನು ಕಟ್ಟಿ, ಕೆಲವು ವರ್ಷ ಅದ್ಭುತವಾದ ಕೆಲಸ ಮಾಡಿದ. ಕಡೆಗೆ ಅದು ಬೆಂಕಿಗೆ ಆಹುತಿಯಾಯಿತು. ಅಷ್ಟರಲ್ಲಿ ಕಲೆ ದ್ವೀಪವನ್ನು ದಾಟಿತ್ತು. ಜಮೈಕಾದಿಂದ ಹೋಗಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ನೆಲೆಸಿದ ಕೂಲ್ ಹರ್ಕ್ ಎಂಬ ತರುಣ ೧೯೭೩ರಲ್ಲಿ ನಡೆಸಿದ ಕುಣಿತದ ಕೂಟವನ್ನು ಹಿಪ್‌ಹಾಪ್ ಸಂಗೀತದ ಜನ್ಮದಿನವೆಂದು ಎಣಿಸುತ್ತಾರೆ. ಲಂಡನ್ನಿನಲ್ಲಿ ಮ್ಯಾಡ್ ಪ್ರೊಫೆಸರ್ ಎಂಬಾತ ೧೯೯೫ರಲ್ಲಿ ಒಂದು ಇಂಗ್ಲಿಷ್ ತಂಡದ ಇಡೀ ಆಲ್ಬಮನ್ನೇ ಡಬ್ ಮಾಡಿ ಕೊಟ್ಟ. ಇಂದು ಕಂಪ್ಯೂಟರಿನಲ್ಲಿ ಹಾಡು ಕೂಡಿಸುವ ಬೆಂಗಳೂರಿನ ಹುಡುಗನೂ ಹಾಡಿನ ಒಂದು ‘ರೀಮಿಕ್ಸ್’ ಮಾಡಿದಾಗ, ತಿಳಿದೋ ತಿಳಿಯದೆಯೋ, ಆ ಬಚ್ಚಲುಮನೆಯ ವಿದ್ಯೆಯನ್ನೇ ಅಭ್ಯಾಸ ಮಾಡುತ್ತಿದ್ದಾನೆ. ರೆಗೆಯನ್ನು ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ೨೦೧೮ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ವಿಶ್ವಪರಂಪರೆಯ ಸ್ಥಾನ ದೊರೆತದ್ದು ೨೦೨೩ರಲ್ಲಿ. ಟಬ್ಬಿ ಅದನ್ನು ಕಾಣಲಿಲ್ಲ. ೧೯೮೯ರ ಫೆಬ್ರವರಿ ೬ರಂದು, ಕೆಲಸ ಮುಗಿಸಿ ಮರಳಿದ ಅವನನ್ನು ಮನೆಯ ಹೊರಗೇ ಯಾರೋ ಗುಂಡಿಟ್ಟು ಕೊಂದರು. ಕೊಂದವರು ಸಿಕ್ಕಲೇ ಇಲ್ಲ.

ಕುತೂಹಲವಿರುವವರು ಡಬ್ಬನ್ನು ಕೇಳುವುದಾದರೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಬಾರದು. ಅದರಲ್ಲಿ ಮಂದ್ರಸ್ವರವೇ ಹೊರಡದು. ಮಂದ್ರವಿಲ್ಲದ ಡಬ್ ವಿಗ್ರಹವಿಲ್ಲದ ಗುಡಿ. ಒಳ್ಳೆಯ ಹೆಡ್‌ಫೋನ್ ಅಥವಾ ದೊಡ್ಡ ಸ್ಪೀಕರ್ ಬೇಕು. ಮೊದಲು ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯು ಸೋ’ ಎಂಬ ಹಾಡನ್ನು ಎರಡು ಮೂರು ಸಲ, ಮನಸ್ಸಿಗೆ ಹತ್ತುವವರೆಗೆ ಕೇಳಬೇಕು. ಆಮೇಲೆ ಅದೇ ಟೇಪಿನಿಂದ ಟಬ್ಬಿ ಕಡಿದು ತೆಗೆದ, ಪಾಬ್ಲೊನ ಹೆಸರಿನಲ್ಲಿ ಬಂದ ಹಿಂಬದಿಯನ್ನು ಹಾಕಬೇಕು. ಡ್ರಮ್ ಬಾರಿಸಿದವನು ಕಾರ್ಲ್‌ಟನ್ ಬ್ಯಾರೆಟ್; ಬೇಸ್ ಹಿಡಿದವನು ರಾಬಿ ಶೇಕ್ಸ್‌ಪಿಯರ್.